ಫೆಟಾಕ್ಕೆ ಹೆಪ್ಪು ಯಾವುದು?

ನೇಮಕದ ಪತ್ರದಲ್ಲಿ ನನ್ನ ಕೆಲಸಕ್ಕೆ ಕ್ವಾಲಿಟಿ ಕಂಟ್ರೋಲ್ ಎಂದು ಬರೆದಿದ್ದರು. ನಾನು ಹೆಚ್ಚಾಗಿ ಮಾಡಿದ್ದು ಜನರ ಪ್ರಶ್ನೆಗಳಿಗೆ ಉತ್ತರ ಹೇಳುವ ಕೆಲಸ. ಹಾಲಿನ ಟೆಸ್ಟುಗಳು ಬೆಳಗ್ಗೆಯೇ ಮುಗಿಯುತ್ತಿದ್ದವು. ಪ್ರಶ್ನೆಗಳು ಮಾತ್ರ ಸಂಜೆ ನಾನು ಹರಿಹರದ ಬಸ್ಸು ಹತ್ತುವವರೆಗೂ ಬರುತ್ತಿದ್ದವು. ಈಗ ಫುಡ್ ಟೆಕ್ನಾಲಜಿ ಓದಿಕೊಂಡು ಈ ಲೈನಿಗೆ ಬರುತ್ತಿರುವ ಮಕ್ಕಳು ನನ್ನನ್ನು ಕಂಡರೆ ಮೆಷಿನ್ನುಗಳ ಬಗ್ಗೆ ಕೇಳುತ್ತಾರೆ. ಮೆಷಿನ್ನು ಮಾರಿದವರೇ ಬಂದು ಅದನ್ನು ಕಲಿಸಿಕೊಡುತ್ತಾರೆ. ಮೆಷಿನ್ನಿನ ಸುತ್ತ ನಿಂತವರ ಬಗ್ಗೆ ಯಾರೂ ಕಲಿಸಿಕೊಡುವುದಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಊರಿನ ವ್ಯಾಪಾರಿ ರಾಜಶೇಖರಪ್ಪನವರ ಮನೆತನಕ್ಕೆ ಬಾತಿಯ ಹತ್ತಿರ, ಹಿಂದೆ ಹತ್ತಿ ಜಿನ್ನಿಂಗ್ ನಡೆಯುತ್ತಿದ್ದ ಒಂದು ಶೆಡ್ ಇತ್ತು. ಅವರ ತಾಯಿ ಗಂಗಮ್ಮನವರ ಹೆಸರಿನಲ್ಲಿತ್ತು ಅದು. ಹತ್ತಿಯ ಕಾಲ ಮುಗಿದ ಮೇಲೆ ಅಲ್ಲಿ ಒಂದು ಸಣ್ಣ ಡೇರಿ ಶುರುಮಾಡಿದರು: ಪನೀರು, ಬೆಣ್ಣೆ, ತುಪ್ಪ. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಶೆಫ್ ರಾಜಶೇಖರಪ್ಪನವರಿಗೆ ಮದುವೆಮನೆಯೊಂದರಲ್ಲಿ ಪರಿಚಯವಾಗಿ, “ಗ್ರೀಸಿನ ಚೀಸು ಫೆಟಾ ಮಾಡಿಕೊಡಿ, ನಾನು ತಗೋತೀನಿ” ಎಂದನಂತೆ. ಮರುದಿನವೇ ಇವರು ನನ್ನ ಟೇಬಲ್ಲಿನ ಮುಂದೆ ನಿಂತು, “ಮೇಡಂ, ಅದೇನೋ ಫೆಟಾ ಅಂತೆ, ಮಾಡೇಬಿಡಣ” ಎಂದರು. ಟು ಬಿ ಫೇರ್, ಅವರ ಈ ಗುಣದಿಂದಲೇ ಶೆಡ್ಡಿನಲ್ಲಿ ಅಷ್ಟು ಹೆಂಗಸರಿಗೆ ಕೆಲಸ ಸಿಕ್ಕಿತ್ತು.

ನಾನು ಪುಸ್ತಕ ತರಿಸಿ ಓದಿದೆ. ಹಾಲಿನ ಕಡಾಯಿಯ ಉಸ್ತುವಾರಿ ನೋಡುತ್ತಿದ್ದ ಹದಡಿಯ ಕೆಂಚಮ್ಮ ಅದನ್ನು ಕೈಗೆ ತಂದುಕೊಂಡಳು. ಮೊದಲು ಕೆಲವು ಸಲ ಮಾಡಿದ್ದು ರಬ್ಬರಾಯಿತು, ಆಮೇಲೆ ಕೆಲವು ಸಲ ಗಂಜಿಯಾಯಿತು. ಅವಳು ಹಾಲಿಗೆ ಬೆರಳಿಟ್ಟು “ಈಗ ಸರಿ” ಎನ್ನುವುದು, ನಾನು ಥರ್ಮಾಮೀಟರ್ ಇಟ್ಟು “ಇನ್ನೂ ಬಿಸಿಯಿದೆ” ಎನ್ನುವುದು. ಇಬ್ಬರೂ ತಪ್ಪುತ್ತಿದ್ದೆವು. ಕೊನೆಗೆ ಥರ್ಮಾಮೀಟರ್ ಅವಳ ಕೈಗೇ ಕೊಟ್ಟೆ. ಜಗಳ ನಿಂತಿತು.

ಪ್ರಶ್ನೆಗಳ ವಿಷಯಕ್ಕೆ ಬರುತ್ತೇನೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ, ಯಾವ ಪ್ರಶ್ನೆಗೇ ಆಗಲಿ ಪೂರ್ಣ ವಾಕ್ಯದಲ್ಲಿ ಉತ್ತರ ಕೊಡಬೇಕು ಎಂದು ಕಲಿಸಿದ್ದರು. ಫೋನಿನಲ್ಲಿ ಅದು ಬಹಳ ಸಮಯ ತಿನ್ನುವ ಅಭ್ಯಾಸ. ಮೊದಲನೆಯ ಪ್ರಶ್ನೆ ಯಾವಾಗಲೂ “ಇದು ಪನೀರೇನ್ರಿ?” ಎಂಬುದು. ಪನೀರಲ್ಲ ಎನ್ನುತ್ತಿದ್ದೆ. ಪನೀರಿಗೆ ಹಾಲನ್ನು ಕುದಿಸಿ, ಹುಳಿ ಹಾಕಿ ಒಡೆಸುತ್ತೇವೆ. ಫೆಟಾಕ್ಕೆ ಹಾಲು ಬೆಚ್ಚಗಿರುವಾಗ ಹೆಪ್ಪು ಹಾಕಿ, ಗಟ್ಟಿಯಾದ ಮೇಲೆ ಕತ್ತರಿಸಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಆ ಗಡ್ಡೆಗಳನ್ನು ಉಪ್ಪುನೀರಿನ ಬ್ಯಾರಲ್‌ನಲ್ಲಿ ಮುಳುಗಿಸಿ ವಾರಗಟ್ಟಲೆ ಇಡುತ್ತೇವೆ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಆ ಕಡೆಯವರು, “ಹಂಗಾದ್ರೆ ಪನೀರೇ ಬಿಡ್ರಿ” ಎಂದು ಫೋನ್ ಇಟ್ಟಿರುತ್ತಿದ್ದರು.

ವಿದ್ಯಾನಗರದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದು ನೆನಪಿದೆ.

“ಏನ್ ಮೇಡಂ, ಪಾಲಕ್ ಪಲ್ಯಕ್ಕೆ ಹಾಕಿದ್ದೆ, ಉಪ್ಪಿನಕಾಯಿ ತಿಂದಂಗಾತು. ನಮ್ಮನೆಯವ್ರು ತಟ್ಟೆ ಬಿಟ್ಟು ಎದ್ರು.”

“ಪಲ್ಯಕ್ಕೆ ಬೇರೆ ಉಪ್ಪು ಹಾಕಿದ್ರಾ?”

“ಹಾಕದೆ ಮತ್ತೆ?”

“ಹಾಕಬಾರದಿತ್ತು. ಫೆಟಾದಲ್ಲೇ ಉಪ್ಪಿರುತ್ತೆ.”

“ಹಂಗಾದ್ರೆ ಉಪ್ಪಿಲ್ಲದ ಪಲ್ಯ ಮಾಡ್ಕೋರಿ ಅಂತ ಪಾಕೀಟಿನ ಮ್ಯಾಲೆ ಬರೀರಿ.”

ಬರೆಸಿದೆವು. ಹರಿಹರದ ಒಬ್ಬ ಕಿರಾಣಿ ಅಂಗಡಿಯವರು ಶೆಡ್ಡಿಗೇ ಬಂದು, “ನೀರು ತುಂಬಿ ತೂಕ ಹೆಚ್ಚು ಮಾಡೀರಿ, ನಮಗೇನು ತಿಳಿಯಂಗಿಲ್ಲೇನು?” ಎಂದು ದಬಾಯಿಸಿದರು. ಆ ಸಂಶಯದಲ್ಲಿ ಅವರು ಡಬ್ಬಿಯ ಉಪ್ಪುನೀರನ್ನೆಲ್ಲ ಚೆಲ್ಲಿ ಗಡ್ಡೆಯನ್ನು ಒಣ ಡಬ್ಬಿಯಲ್ಲಿಟ್ಟಿದ್ದರು. ಅದು ಲೋಳೆಯಾಗಿ ವಾಸನೆ ಬಂದಿತ್ತು. ಉಪ್ಪುನೀರೇ ಅದನ್ನು ಕಾಯುವುದು, ಚೆಲ್ಲಬೇಡಿ, ಉಪ್ಪು ಹೆಚ್ಚೆನಿಸಿದರೆ ತಿನ್ನುವ ಮುಂಚೆ ತುಂಡನ್ನು ಸ್ವಲ್ಪ ಹೊತ್ತು ಹಾಲಿನಲ್ಲೋ ನೀರಿನಲ್ಲೋ ಇಡಿ ಎಂದು ಹೇಳಿಕೊಟ್ಟೆ. ಕರಗುತ್ತದೆಯೇ ಎಂದು ಕೇಳುವವರಿಗೆ ಇಲ್ಲ, ಬಿಸಿಗೆ ಮೆತ್ತಗಾಗುತ್ತದೆ, ಎಳೆ ಬರುವುದಿಲ್ಲ ಎನ್ನುತ್ತಿದ್ದೆ. ಯಾವುದರ ಜೊತೆ ತಿನ್ನಬೇಕು ಎಂಬುದಕ್ಕೆ ಪುಸ್ತಕದಲ್ಲಿ ಆಲಿವ್, ಸೌತೆಕಾಯಿ ಎಂದಿತ್ತು. ನಮ್ಮ ಹೆಂಗಸರು ಸಂಜೆ ಖಾರಾ ಮಂಡಕ್ಕಿಯ ಮೇಲೆ ಅದನ್ನು ಪುಡಿ ಮಾಡಿ ಉದುರಿಸಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿನ್ನುತ್ತಿದ್ದರು. ಗ್ರೀಸಿನವರು ಅದನ್ನು ತಿಂದಿಲ್ಲ, ಪಾಪ.

ಗ್ರೀಸಿನಲ್ಲಿ ಅದನ್ನು ಕುರಿಯ ಹಾಲಿನಲ್ಲಿ, ಒಂದಿಷ್ಟು ಮೇಕೆ ಹಾಲು ಬೆರೆಸಿ ಮಾಡುತ್ತಾರೆ. ನಮ್ಮದು ಹಸುವಿನ ಹಾಲು. ಶೆಫ್ ಒಮ್ಮೆ ಕುರಿಹಾಲಿನದೇ ಬೇಕೆಂದು ಹಟ ಹಿಡಿದಾಗ ನಾನೂ ರಾಜಶೇಖರಪ್ಪನವರೂ ಭಾನುವಳ್ಳಿಯ ಕಡೆ ಹೋದೆವು. ಭತ್ತ ಕೊಯ್ದ ಗದ್ದೆಯಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದ್ದ ಬೀರಪ್ಪ ಎಂಬ ಹಿರಿಯ ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು, “ಮರಿ ಕುಡಿದು ಮಿಕ್ಕಿದ್ರೆ ಕೊಡ್ತೀನ್ರಿ” ಎಂದ. ಮಿಗುತ್ತದೆಯೇ ಎಂದು ಕೇಳಿದೆ. “ಮಿಗಲ್ಲ” ಎಂದ. ರೇಟು ಹೆಚ್ಚು ಮಾಡುತ್ತೇವೆಂದರೆ ನಕ್ಕು, “ಅದನ್ನ ಮರಿಗೆ ಹೇಳ್ರಿ” ಎಂದ. ಆವತ್ತಿನಿಂದ ಲೇಬಲ್ಲಿನಲ್ಲಿ ‘ಫೆಟಾ ಮಾದರಿ, ಹಸುವಿನ ಹಾಲಿನದು’ ಎಂದೇ ಹಾಕಿಸಿದೆ. ಶೆಫ್ ಮುಖ ಸಿಂಡರಿಸಿದ. ಆದರೂ ತೆಗೆದುಕೊಂಡ.

ದಾವಣಗೆರೆಯಲ್ಲಿ ಅದು ಖರ್ಚಾಗದೆ ಕೂತಿತ್ತು. ಅದಕ್ಕೆ ಕಾರಣ ಉಪ್ಪಲ್ಲ, ಬಾಯಿ ಬಿಟ್ಟು ಕೇಳಲು ಜನ ಸಂಕೋಚಪಡುತ್ತಿದ್ದ ಇನ್ನೊಂದು ಪ್ರಶ್ನೆ. ಅದನ್ನು ಕೇಳಿದವರು ಗಂಗಮ್ಮನವರು. ಬೆಳಗಿನ ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದ ಹಿರಿಯರು. ಹೊರಗಿನ ಪದಾರ್ಥ ಏನೆಂದು ತಿಳಿಯದೆ ಬಾಯಿಗಿಟ್ಟವರಲ್ಲ. ಒಂದು ದಿನ ಶೆಡ್ಡಿಗೆ ಬಂದು ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

“ಹಾಲು ತಾನಾಗೇ ಗಟ್ಟಿಯಾಗಂಗಿಲ್ಲ. ಹೆಪ್ಪು ಏನು ಹಾಕ್ತೀರವ್ವಾ ಇದಕ್ಕೆ?”

“ಒಂದು ಪುಡಿ ಅಮ್ಮಾವ್ರೆ. ರೆನ್ನೆಟ್ ಅಂತಾರೆ. ಬಾಂಬೆಯಿಂದ ಬರುತ್ತೆ.”

“ಪುಡಿ ಯಾತರದು?”

“ಒಂದು ಥರದ ಬೂಷ್ಟಿನಿಂದ ತೆಗೆದದ್ದು.”

“ಉಪ್ಪಿನಕಾಯಿ ಮ್ಯಾಲೆ ಬರ್ತೈತಲ್ಲ, ಅದಾ?”

“ಅದರ ದಾಯಾದಿ ಅನ್ನಿ.”

“ಪ್ರಾಣಿದಲ್ಲ?”

“ಅಲ್ಲ. ಫಾರಿನ್ನಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕೋರಿದ್ದಾರೆ. ನಾವು ಹಾಕಲ್ಲ.”

ಅವರು ನನ್ನನ್ನೇ ನೋಡಿದರು. “ನಾನು ಕೇಳದಿದ್ರೆ ಇದನ್ನ ಹೇಳ್ತಿದ್ರೇನು?”

“ಇಲ್ಲ ಅನ್ಸುತ್ತೆ.”

“ಆತು. ತರ್ರಿ ಒಂದು ಚೂರು.”

ತಿಂದರು. “ಜ್ವರದ ಬಾಯಿಗೆ ಬೇಷೈತೆ” ಎಂದರು. ಆಗಿನ್ನೂ ಪೊಟ್ಟಣಗಳ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಬಂದಿರಲಿಲ್ಲ. ಜನ ಬಾಯಲ್ಲಿ ಕೇಳುತ್ತಿದ್ದರು, ಬಾಯಲ್ಲಿ ಹೇಳಿದ್ದನ್ನು ನಂಬುತ್ತಿದ್ದರು. ‘ಗಂಗಮ್ಮಾರು ತಿಂತಾರಂತೆ’ ಎಂಬ ಒಂದು ಮಾತು ಅವರ ಓಣಿಯಿಂದ ಹೊರಟು ಪೇಟೆ ಸುತ್ತಿತು. ನಾವು ಕೊಡಿಸಿದ ಯಾವ ಜಾಹೀರಾತೂ ಮಾಡದ ಕೆಲಸ ಅದು. ನೆಂಟರ ಮನೆಗಳು, ಅಕ್ಕನ ಬಳಗದವರು, ಗುರುತಿನವರು ಎಲ್ಲರೂ ತರಿಸತೊಡಗಿದರು. ಗಂಗಮ್ಮನವರ ಮನೆಗೂ ವಾರವಾರ ಒಂದಿಷ್ಟು ಹೋಗುತ್ತಿತ್ತು.

ಅಷ್ಟರಲ್ಲಿ ಶೆಫ್ ಒಂದು ಸಣ್ಣ ಬಾಟಲಿ ತಂದ. ಫಾರಿನ್ನಿನ ರೆನ್ನೆಟ್, ಕರುವಿನದು. ಪುಡಿಯಿಂದ ಮಾಡಿದ್ದಕ್ಕೆ ಕೊನೆಗೆ ಸ್ವಲ್ಪ ಕಹಿ ಉಳಿಯುತ್ತದೆ, ಇದರಲ್ಲಿ ಒಮ್ಮೆ ಮಾಡಿಕೊಡಿ, ನಮ್ಮಲ್ಲಿ ತಿನ್ನುವ ವಿದೇಶಿಯರಿಗೆ ಇದೇ ಬೇಕು ಎಂದ. ನಾನು ಬೇಡವೆಂದೆ.

“ಒಂದೇ ಬ್ಯಾಚ್ ಮೇಡಂ, ಪೂರ್ತಿ ಹೋಟೆಲಿಗೆ” ಎಂದರು ರಾಜಶೇಖರಪ್ಪ. “ಬ್ಯಾರೆ ಕಡಾಯಿ, ಬ್ಯಾರೆ ಬಟ್ಟೆ, ಬ್ಯಾರೆ ಬ್ಯಾರಲ್. ನೀವು ಹೇಳ್ದಂಗೆ. ಆದ್ರೆ ಹೆಣ್ಮಕ್ಕಳಿಗೆ ಏನೂ ಹೇಳಬ್ಯಾಡ್ರಿ. ಕೆಲವರು ಕೈ ಹಾಕಲ್ಲ ಅಂತಾರೆ, ಕೆಲವರು ಊರಿಗೆಲ್ಲ ಹೇಳ್ಕೊಂಡು ಬರ್ತಾರೆ.”

ಕೊನೆಗೆ ಒಪ್ಪಿದೆ. ಹಾಗೇ ಆಯಿತು. ಕೆಂಚಮ್ಮನಿಗೆ ಹೇಳಿದ್ದು ಇಷ್ಟೇ: ಈ ಬ್ಯಾರಲ್ ಮೂಲೆಯಲ್ಲಿ ಬೇರೆ ಇರಲಿ, ಇದರದು ಅದಕ್ಕೆ ಹೋಗಬಾರದು. ಗಡ್ಡೆಗಳು ಹಣ್ಣಾದ ಮೇಲೆ ಶೆಫ್ ಬಂದು ಒಂದನ್ನೂ ಬಿಡದೆ ಒಯ್ದ. ಬ್ಯಾರಲ್ ತೊಳೆದು ಬಿಸಿಲಿಗಿಟ್ಟರು. ನನ್ನ ಮಟ್ಟಿಗೆ ಅದು ಮುಗಿದ ವಿಷಯವಾಗಿತ್ತು.

ಮುಂದಿನ ದಿನಗಳಲ್ಲಿ ನಮ್ಮ ಮಾಮೂಲಿ ಫೆಟಾದ ರುಚಿ ಏರಿತು. ಅದಕ್ಕೆ ಮೊದಲಿಲ್ಲದ ಒಂದು ಹಿತವಾದ ಚುರುಕು ಬಂತು. ನಾನು ಚಳಿಗಾಲ ಕಾರಣವೆಂದುಕೊಂಡೆ, ಆಮೇಲೆ ಹಸುಗಳ ಮೇವು ಬದಲಾಗಿದೆ ಎಂದುಕೊಂಡೆ. ಸಾಕಷ್ಟು ಇಂಗ್ಲಿಷ್ ಪುಸ್ತಕ ಓದಿದವರಿಗೆ ಕಾರಣಗಳ ಬರ ಇರುವುದಿಲ್ಲ. ಒಂದು ಮಧ್ಯಾಹ್ನ ಕೆಂಚಮ್ಮ ಹೊಸದಾಗಿ ತುಂಬಿಸಿದ ಬ್ಯಾರಲ್‌ಗೆ ಚೆಂಬಿನಿಂದ ಏನೋ ಸುರಿಯುತ್ತಿದ್ದುದನ್ನು ಕಂಡೆ.

“ಅದೇನು ಕೆಂಚಮ್ಮ?”

“ಹಳೇ ಉಪ್ಪುನೀರು ಮೇಡಂ. ಹೆಪ್ಪಿಗೆ.”

“ಉಪ್ಪುನೀರಿಗೆ ಎಂಥ ಹೆಪ್ಪು?”

“ಆ ಮೂಲೇ ಬ್ಯಾರಲ್ ಇತ್ತಲ್ಲ, ಹೋಟೆಲಿನೋರದ್ದು. ಅದರ ನೀರು ಘಮ್ ಅಂತಿತ್ತು. ಚೆಲ್ಲಾಕೆ ಮನಸ್ಸಾಗಲಿಲ್ಲ. ಒಂದು ಚೆಂಬು ತಗದಿಟ್ಟು ಹೊಸಾದಕ್ಕೆ ಹಾಕ್ದೆ. ಅದರಾಗಿಂದು ಮತ್ತೊಂದಕ್ಕೆ. ಹಂಗೇ ಎಲ್ಲಾದಕ್ಕೂ ಆತು. ನಿನ್ನೆದು ಒಂದಿಷ್ಟು ಉಳಿಸ್ದೇ ಇವತ್ತಿಂದು ಹೆಂಗೆ ಚಲೋ ಆಗ್ತೈತೆ ಹೇಳ್ರಿ? ನೀವೇ ಅಂದ್ರಲ್ಲ, ರುಚಿ ಬಂದೈತೆ ಅಂತ.”

ಅವಳ ಮುಖದಲ್ಲಿ ಸಂತೋಷವಿತ್ತು. ಮೊಸರು ಮಾಡಿದ ಯಾವ ಹೆಂಗಸಾದರೂ ಮಾಡುವುದನ್ನೇ ಅವಳು ಮಾಡಿದ್ದಳು. ಗಡ್ಡೆಯ ಮೇಲೆ ಮಾತ್ರ ಕಾಳಜಿ ಇಟ್ಟಿದ್ದ ನನಗೂ ಸಾಹುಕಾರರಿಗೂ ನೀರು ನೆನಪಾಗಿರಲಿಲ್ಲ. ಅವಳನ್ನು ಕೂರಿಸಿ ಬಾಟಲಿಯಲ್ಲಿ ಇದ್ದದ್ದು ಏನೆಂದು ಹೇಳಿದೆ. ಚೆಂಬಿನಲ್ಲಿ ಉಳಿದಿದ್ದನ್ನು ಮೋರಿಗೆ ಚೆಲ್ಲಿದಳು.

“ಯಾಕ ಬ್ಯಾರೆ ಇಡಬೇಕು ಅಂತ ಒಂದು ಮಾತು ಅಂದಿದ್ರೆ, ನಾನ್ಯಾಕ ಮುಟ್ತಿದ್ದೆ?” ಎಂದಳು. ಆಮೇಲೆ ಮೆಲ್ಲಗೆ, “ನಮಗೇನು, ನಾವು ತಿನ್ನೋ ಮಂದಿ. ಗಂಗಮ್ಮಾರು ತಿಂದಾರಲ್ಲ ಮೇಡಂ.”

ಚಿಕ್ಕವರೇ, ಈ ಕೆಲಸಕ್ಕೆ ಬಂದಮೇಲೆ ಯಾರಿಗಾದರೂ ‘ಹೀಗೆ ಮಾಡು’ ಎನ್ನುವಾಗ ‘ಯಾಕೆಂದರೆ’ ಎಂಬುದನ್ನೂ ಸೇರಿಸಿ ಹೇಳಿ. ನಾನು ಕಲಿತ ಕೆಮಿಸ್ಟ್ರಿಯಲ್ಲಿ ಇದಕ್ಕಿಂತ ಉಪಯೋಗದ್ದು ಹೆಚ್ಚಿಲ್ಲ.

ರಾಜಶೇಖರಪ್ಪನವರು ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ವಾದಕ್ಕಿಳಿದರು.

“ಒಂದು ಚೆಂಬು ನೀರು, ಅದರಾಗಿಂದ ಒಂದು ಚೆಂಬು, ಅದರಾಗಿಂದ ಮತ್ತೊಂದು. ಏನುಳಿದಿರ್ತೈತೆ ಮೇಡಂ? ನಿಮ್ಮ ಲ್ಯಾಬಿನಾಗೆ ಸಿಗ್ತೈತೇನು?”

“ಸಿಗಲ್ಲ. ಬಹುಶಃ ಯಾವ ಲ್ಯಾಬಿನಲ್ಲೂ ಸಿಗಲ್ಲ.”

“ಮತ್ತೆ?”

“ಮಾರಾಟ ನಿಲ್ಲಿಸಬೇಕು. ಅಮ್ಮಾವ್ರಿಗೆ ಹೇಳಬೇಕು.”

“ಅವ್ವನ ಸ್ವಭಾವ ನಿಮಗೆ ಗೊತ್ತಿಲ್ಲ. ಶೆಡ್ಡು ಆಕೆ ಹೆಸರಿನಾಗೈತೆ. ನಾಳೇನೇ ಬೀಗ ಹಾಕಸ್ತಾಳೆ. ಈ ಹೆಣ್ಮಕ್ಕಳೆಲ್ಲ ಎಲ್ಲಿಗೆ ಹೋಗ್ಬೇಕು?”

ಅದು ಬರಿಯ ಬೆದರಿಕೆಯಾಗಿರಲಿಲ್ಲ. ಶೆಡ್ಡನ್ನು ಮಂಡಕ್ಕಿ ಭಟ್ಟಿಯವರಿಗೆ ಬಾಡಿಗೆ ಕೊಡುವ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು. “ಅವರು ಕೇಳಿದರೆ ನಾನು ಇದ್ದದ್ದನ್ನು ಹೇಳುತ್ತೇನೆ” ಎಂದೆ. “ಆಕೆ ಕೇಳಲ್ಲ ಬಿಡ್ರಿ” ಎಂದರು. “ಒಂದು ಸಲ ಕೇಳಿ ನಂಬಿದ್ಮೇಲೆ ಮತ್ತೆ ಕೇಳೋ ಪೈಕಿ ಅಲ್ಲ ನಮ್ಮವ್ವ.”

ಆ ಮಾತು ನಿಜವಾದದ್ದರಿಂದಲೇ ಸುಮ್ಮನಿರುವುದು ಕಷ್ಟವಾಯಿತು. ಮಾರಾಟವನ್ನು ನಾನೇ ತಡೆಹಿಡಿದೆ. ಆದರೆ ಗಂಗಮ್ಮನವರ ಮಾತು ಪೇಟೆಯಲ್ಲಿ ಇನ್ನೂ ಓಡಾಡುತ್ತಿತ್ತು. ಕೊನೆಗೆ ಕೆಂಚಮ್ಮನೇ ಬಂದು, “ನಡೀರಿ ಮೇಡಂ, ಹೋಗಿ ಬರಣ” ಎಂದಳು. “ಕೆಲಸ ಹೋದರೆ?” ಎಂದೆ. “ಹೋದ್ರೆ ಕಳೆ ತೆಗೆಯಾಕೆ ಹೋಗ್ತೀನಿ. ಅವರ ಮುಖ ನೋಡಿ ಕೂಲಿ ಇಸ್ಕೊಳ್ಳಾಕೆ ಆಗ್ತಿಲ್ಲ.”

ಗಂಗಮ್ಮನವರು ಪಡಸಾಲೆಯಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. “ಬರ್ರಿ, ಕೂಡ್ರಿ” ಎಂದರು. ನಾನು ಕೂತೆ. ಕೆಂಚಮ್ಮ ಬಾಗಿಲ ಬಳಿ ನಿಂತಳು. ನಡೆದದ್ದನ್ನು ಬಾಟಲಿಯಿಂದ ಚೆಂಬಿನವರೆಗೆ ಹೇಳಿದೆ. ಅವರ ಕೈ ಬತ್ತಿಯ ಮೇಲೆ ನಿಂತಿತು.

“ಈಕೆಗೆ ಗೊತ್ತಿತ್ತೇನು?”

“ಇಲ್ಲ.”

“ನಿಮಗೆ?”

“ಬಾಟಲಿ ಗೊತ್ತಿತ್ತು. ನೀರು ಗೊತ್ತಿರಲಿಲ್ಲ.”

“ರಾಜಾ ಯಾಕ ಬರಲಿಲ್ಲ?”

ಅವರು ಹೊಸೆದ ಬತ್ತಿಗಳನ್ನು ತಟ್ಟೆಗೆ ಹಾಕಿ ಎದ್ದರು.

“ನಾನು ತಿಂದಿದ್ದು ನನ್ನ ಪಾಲಿಗೆ ಬಿಡ್ರಿ. ಅದಕ್ಕೇನು ಮಾಡ್ಬೇಕೋ ಗುರುಗಳನ್ನ ಕೇಳ್ತೀನಿ. ನನ್ನ ಮಾತು ಕೇಳಿ ತಿಂದೋರು ಅದಾರಲ್ಲ, ಅವರಿಗೆ ಯಾರು ಹೇಳ್ತಾರೆ?”

ಆಟೋ ತರಿಸಿದರು. ಕೆಂಚಮ್ಮ ಡ್ರೈವರನ ಪಕ್ಕ ಹತ್ತಲು ಹೋದಾಗ, “ಅಲ್ಲಿ ಯಾಕ? ಒಳಗ ಕೂಡ್ರು” ಎಂದು ಗದರಿದರು. ಮೂವರೂ ಒತ್ತಿಕೊಂಡು ಕೂತು ಮನೆಯಿಂದ ಮನೆಗೆ ಹೋದೆವು. ಎಲ್ಲ ಕಡೆಯೂ ಅವರು ಹೊಸಿಲ ಹೊರಗೇ ನಿಂತು, “ನಾನು ಹೇಳಿದ್ದು ಸುಳ್ಳಾತು, ಅದನ್ನ ಹೇಳಾಕೆ ಬಂದೀನಿ” ಎಂದು ಶುರುಮಾಡುತ್ತಿದ್ದರು. ಒಬ್ಬಾಕೆ ನಕ್ಕು, “ಅಯ್ಯ ಬಿಡ್ರಿ ಗಂಗಮ್ಮಾರೆ, ನಮ್ಮ ಹುಡುಗ್ರು ಹೊರಗೆ ಆಮ್ಲೆಟ್ ತಿಂದು ಬಾಯಿ ಒರೆಸ್ಕೊಂಡು ಬರ್ತಾವೆ” ಎಂದರು. ಇನ್ನೊಂದು ಮನೆಯಲ್ಲಿ ಮಾತಿಲ್ಲದೆ ಬಾಗಿಲು ಹಾಕಿಕೊಂಡರು. ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಏರಿಸಿ, “ಎಷ್ಟು ಪರ್ಸೆಂಟ್ ಇರಬಹುದು?” ಎಂದು ಕೇಳಿದರು.

“ಪರ್ಸೆಂಟು ಈ ಮೇಡಮ್ಮಾರನ್ನ ಕೇಳ್ರಿ” ಎಂದರು ಗಂಗಮ್ಮ. “ನಾನು ಹೇಳಾಕೆ ಬಂದಿದ್ದು, ಐತೆ ಅಂತ.”

ಬಾಗಿಲು ಹಾಕಿಕೊಂಡ ಮನೆಯವರು ಗಂಗಮ್ಮನವರ ತವರಿನ ಕಡೆಯವರು ಎಂದು ಆಟೋದಲ್ಲಿ ತಿಳಿಯಿತು.

ಮನೆಗೆ ಮರಳಿದಾಗ ರಾಜಶೇಖರಪ್ಪ ಪಡಸಾಲೆಯಲ್ಲಿ ಕಾಯುತ್ತಿದ್ದರು. ಎದ್ದು ನಿಂತರು. “ಶೆಡ್ಡಿಗೆ ಬೀಗ ಹಾಕಸ್ತೀಯೇನವ್ವಾ?” ಎಂದರು.

“ಬೀಗ ಹಾಕಿದ್ರೆ ಉಪವಾಸ ಬೀಳೋರು ಈ ಹೆಣ್ಮಕ್ಕಳು, ನೀನಲ್ಲ. ನಾಳೆ ಹೋಗಿ ಬ್ಯಾರಲ್‌ಗಳನ್ನ ನೀನೇ ಚೆಲ್ಲಿ ಬಾ. ನಿನ್ನ ಕೈಯಾರೆ.”

ರಾಜಶೇಖರಪ್ಪ ಆಗಲೆಂದು ತಲೆಯಾಡಿಸಿದರು. ಮಾತು ಮುಗಿಸಿ ಗಂಗಮ್ಮ ಅಡುಗೆಮನೆಗೆ ಹೋಗಿ ಮೊಸರಿನ ಗಡಿಗೆ ಹಿಡಿದುಕೊಂಡು ಬಂದರು. ಹಿತ್ತಲಿಗೆ ನಡೆದು ತೆಂಗಿನ ಬುಡಕ್ಕೆ ಅಷ್ಟನ್ನೂ ಸುರಿದರು. “ಆ ಚೀಸು ಮುಟ್ಟಿದ ಚಮಚೆ ಇದರಾಗೂ ಆಡೈತೆ” ಎಂದರು. ಅದು ಅವರ ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪದೆ ನಡೆದು ಬಂದ ಹೆಪ್ಪು ಎಂದು ಮಗ ನನಗೆ ಪಿಸುದನಿಯಲ್ಲಿ ಹೇಳಿದರು. ಗಂಗಮ್ಮ ಗಡಿಗೆಯನ್ನು ಬೋರಲು ಹಾಕಿ ಕೆಂಚಮ್ಮನ ಕಡೆ ತಿರುಗಿದರು.

“ನಾಳೆ ಬರೋವಾಗ ನಿಮ್ಮನೆ ಹೆಪ್ಪು ಒಂದಿಷ್ಟು ತಾ.”

ಕೆಂಚಮ್ಮ ನನ್ನ ಮುಖ ನೋಡಿದಳು. “ಓಣ್ಯಾಗೆ ನಿಮ್ಮೋರ ಮನೆ ಎಷ್ಟೈದಾವೆ ಅಮ್ಮಾರೆ. ನಮ್ಮನ್ಯಾಗೆ ಕುರಿ ಕೋಳಿ ಎಲ್ಲಾ ಮಾಡ್ತೀವಿ.”

“ಹೆಪ್ಪಿನಾಗೆ ಏನೈತೆ?”

“ಹಾಲು, ನಿನ್ನೆ ಮೊಸರು. ಮತ್ತೇನಿರ್ತೈತೆ?”

“ಹಾಕೋರು ಯಾರು?”

“ದಿನಾ ನಾನೇ.”

“ಹಂಗಾದ್ರೆ ತಾ.”

ಮರುದಿನ ರಾಜಶೇಖರಪ್ಪನವರು ಪ್ಯಾಂಟ್ ಮಡಚಿಕೊಂಡು ಒಂದೊಂದೇ ಬ್ಯಾರಲ್ ಉರುಳಿಸಿದರು. ಉಪ್ಪುನೀರು ಹರಿದ ಕಡೆ ಹುಲ್ಲು ಒಣಗಿ, ಬಹಳ ಕಾಲ ಆ ಜಾಗ ಬೋಳಾಗಿತ್ತು. ಮತ್ತೆ ಪುಡಿಯಿಂದಲೇ ಫೆಟಾ ಮಾಡಿದೆವು. ಪೇಟೆಯವರು ಅದನ್ನು ತರಿಸಲಿಲ್ಲ. ಬಾಟಲಿಯದಾದರೆ ಮಾತ್ರ ಬೇಕೆಂದ ಶೆಫ್ ಕ್ರಮೇಣ ಬರುವುದನ್ನು ಬಿಟ್ಟ. ನಾವು ಪನೀರಿಗೆ ಮರಳಿದೆವು. ಹೆಂಗಸರಲ್ಲಿ ಯಾರ ಕೆಲಸವೂ ಹೋಗಲಿಲ್ಲ.

ಬ್ಯಾರಲ್ ಚೆಲ್ಲಿದ ಆ ಬೆಳಗ್ಗೆ ಕೆಂಚಮ್ಮ ಬಹಳ ತಡವಾಗಿ ಬಂದಳು. ಹದಡಿಯಿಂದ ದಾವಣಗೆರೆಗೆ ಬಂದು, ಬಾತಿಯ ಬಸ್ಸು ಹಿಡಿಯುವ ಮುಂಚೆ ಗಂಗಮ್ಮನವರ ಮನೆಗೆ ಹೋಗಿದ್ದಳು.

“ಕೊಟ್ಟು ಬರೋಕೆ ಇಷ್ಟು ಹೊತ್ತಾ?” ಎಂದೆ.

“ಬಿಡ್ಬೇಕಲ್ಲ ಮೇಡಂ. ಅಡಿಗೆಮನೆ ಒಳಗೆ ಕರ್ದು ಕೂಡ್ರಿಸಿದ್ರು. ನನ್ನ ಮುಂದೇನೆ ಹಾಲು ಕಾಸಿ, ಆರಿಸಿ, ಹೆಪ್ಪು ಹಾಕಿದ್ರು. ನಾನೇನು ಹಾಕ್ತೀನಿ ನೀನೂ ನೋಡ್ಕ, ಅಂದ್ರು.”

“ನೋಡಿದೆಯಾ?”

“ನೋಡ್ದೆ” ಎಂದಳು, ಸೆರಗು ಸೊಂಟಕ್ಕೆ ಸಿಗಿಸುತ್ತ. “ಬಿಸಿಲು ಚಲೋ ಐತೆ. ಸಂಜಿಗೆ ಗಟ್ಟಿಯಾಗ್ತೈತೆ.”